ಪೋ ನದಿಯ ಬಯಲಿನ ಪಂಜಾಬಿಗಳು

ಇಟಲಿಯ ಉತ್ತರ ಭಾಗದಲ್ಲಿ ಆಲ್ಪ್ಸ್ ಪರ್ವತಗಳಿಗೂ ಅಪೆನೈನ್ ಬೆಟ್ಟಗಳಿಗೂ ನಡುವೆ ವಿಶಾಲವಾದ ಬಯಲೊಂದು ಹರಡಿಕೊಂಡಿದೆ. ಆ ದೇಶದ ಅತ್ಯಂತ ಉದ್ದವಾದ ನದಿ ಪೋ. 652 ಕಿಲೋಮೀಟರ್ ಉದ್ದದ ಈ ನದಿ ಆ ಬಯಲನ್ನು ತೋಯಿಸುತ್ತ ಪೂರ್ವಕ್ಕೆ ಹರಿದು ಏಡ್ರಿಯಾಟಿಕ್ ಸಮುದ್ರವನ್ನು ಸೇರುತ್ತದೆ. ಮೆಕ್ಕಲು ಮಣ್ಣು, ಕಾಲುವೆಗಳು, ಗೋಧಿ ಮತ್ತು ಮುಸುಕಿನ ಜೋಳದ ಹೊಲಗಳು, ಚಳಿಗಾಲದಲ್ಲಿ ದಿನಗಟ್ಟಲೆ ಕವಿದು ನಿಲ್ಲುವ ದಟ್ಟವಾದ ಮಂಜು - ಇವುಗಳನ್ನು ಕಂಡ ಪಂಜಾಬಿನ ರೈತನಿಗೆ ತನ್ನ ಊರಿನ ನೆನಪು ಬಾರದೆ ಇರದು. 1980ರ ದಶಕದಿಂದ ಈಚೆಗೆ ಸಾವಿರಾರು ಪಂಜಾಬಿ ಕುಟುಂಬಗಳು ಈ ಬಯಲಿನಲ್ಲಿ ನೆಲೆಸಿವೆ. ಅವರಲ್ಲಿ ಹೆಚ್ಚಿನವರು ಸಿಖ್ಖರು.

ಅವರನ್ನು ಅಲ್ಲಿಗೆ ಸೆಳೆದದ್ದು ಹಸುವಿನ ಕೊಟ್ಟಿಗೆ. ಪಾರ್ಮ, ರೆಜ್ಜೊ ಎಮಿಲಿಯ, ಮೊದೆನ ಮೊದಲಾದ ಜಿಲ್ಲೆಗಳು ಪಾರ್ಮಿಜಾನೊ ರೆಜ್ಜಾನೊ ಎಂಬ ಗಟ್ಟಿ ಚೀಸಿಗೆ ಲೋಕಪ್ರಸಿದ್ಧವಾಗಿವೆ. ಮಧ್ಯಯುಗದ ಕ್ರೈಸ್ತ ಸಂನ್ಯಾಸಿಗಳ ಮಠಗಳಲ್ಲಿ ಹುಟ್ಟಿದ ಈ ಚೀಸನ್ನು ಇಂದಿಗೂ ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಟ್ಟು ತಯಾರಿಸುತ್ತಾರೆ. ಸಂಜೆ ಕರೆದ ಹಾಲನ್ನು ಅಗಲವಾದ ತೊಟ್ಟಿಗಳಲ್ಲಿ ರಾತ್ರಿಯಿಡೀ ಬಿಟ್ಟು, ಮೇಲೆ ತೇಲಿದ ಕೆನೆಯನ್ನು ತೆಗೆಯುತ್ತಾರೆ. ಮುಂಜಾನೆ ಕರೆದ ಹಾಲನ್ನು ಅದಕ್ಕೆ ಬೆರೆಸಿ ತಾಮ್ರದ ಕೊಪ್ಪರಿಗೆಗೆ ಸುರಿಯುತ್ತಾರೆ. ಹಿಂದಿನ ದಿನದ ಹಾಲೊಡಕನ್ನೇ ಹೆಪ್ಪಾಗಿ ಹಾಕಿ, ಕರುವಿನ ಜಠರದಿಂದ ಪಡೆದ ರೆನೆಟ್ ಎಂಬ ಕಿಣ್ವದಿಂದ ಹಾಲನ್ನು ಗರಣೆಗಟ್ಟಿಸುತ್ತಾರೆ. ಗರಣೆಯನ್ನು ಒಡೆದು ಸುಮಾರು 55 ಡಿಗ್ರಿ ಉಷ್ಣತೆಯವರೆಗೆ ಕಾಯಿಸಿ, ಅಚ್ಚಿಗೆ ಹಾಕಿ, ಉಪ್ಪು ನೀರಿನಲ್ಲಿ ಸುಮಾರು 20 ದಿನ ನೆನೆಯಿಡುತ್ತಾರೆ. ಬಳಿಕ ಕಡಿಮೆಯೆಂದರೂ 12 ತಿಂಗಳು ಅದು ಮಾಗಬೇಕು. ಸುಮಾರು 40 ಕಿಲೋಗ್ರಾಂ ತೂಗುವ ಒಂದು ಚಕ್ರಕ್ಕೆ 550 ಲೀಟರಿನಷ್ಟು ಹಾಲು ಬೇಕಾಗುತ್ತದೆ. ಮಾಗಿದ ಚಕ್ರವನ್ನು ಪರೀಕ್ಷಕರು ಪುಟ್ಟ ಸುತ್ತಿಗೆಯಿಂದ ತಟ್ಟಿ, ಹೊರಡುವ ನಾದವನ್ನು ಕೇಳಿಯೇ ಒಳಗಿನ ದೋಷವನ್ನು ಪತ್ತೆಹಚ್ಚುತ್ತಾರೆ.

ಹಸುಗಳಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ನಸುಕಿನ ಮೂರು ನಾಲ್ಕು ಗಂಟೆಗೆ ಒಮ್ಮೆ, ಅಪರಾಹ್ನದಲ್ಲಿ ಇನ್ನೊಮ್ಮೆ ಹಾಲು ಕರೆಯಲೇಬೇಕು. ಯಂತ್ರಗಳು ಬಂದ ಮೇಲೂ ಈ ವೇಳಾಪಟ್ಟಿ ಬದಲಾಗಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಕೈಗಾರಿಕೆಗಳು ಬೆಳೆದಂತೆಲ್ಲ ಇಟಲಿಯ ತರುಣರು ಕೊಟ್ಟಿಗೆಯನ್ನು ಬಿಟ್ಟು ಕಾರ್ಖಾನೆಗಳತ್ತ ನಡೆದರು. ಹಾಗೆ ತೆರವಾದ ಸ್ಥಾನಕ್ಕೆ ಪಂಜಾಬಿಗಳು ಬಂದರು. ಎಮ್ಮೆ ಹಸುಗಳ ನಡುವೆ ಬೆಳೆದ ಅವರಿಗೆ ದನಗಳ ಸ್ವಭಾವವನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿಯೇ ವಾಸದ ಮನೆಯೂ ದೊರೆಯುತ್ತಿದ್ದುದರಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಸಾಧ್ಯವಾಯಿತು. ಕೆಲವು ಕಾಲ ದುಡಿದು ಮರಳಿಹೋಗೋಣವೆಂದು ಬಂದವರು ಅಲ್ಲಿಯೇ ಬೇರುಬಿಡಲು ಈ ಮನೆಗಳೂ ಒಂದು ಮುಖ್ಯ ಕಾರಣವೆನ್ನಬೇಕು.

ಆದರೆ ಆ ಮನೆಗಳು ಊರಿನಿಂದ ದೂರ, ಹೊಲಗಳ ನಡುವೆ ಒಂಟಿಯಾಗಿ ನಿಂತವು. ಗಂಡಸರಿಗೆ ಕೊಟ್ಟಿಗೆಯಲ್ಲಿ ಮಾಲೀಕನೊಡನೆ ನಾಲ್ಕು ಮಾತನಾಡುವ ಅವಕಾಶವುಂಟು, ಮಕ್ಕಳಿಗೆ ಶಾಲೆಯುಂಟು. ಮೋಟಾರು ಓಡಿಸಲು ಬಾರದ ಹೆಂಗಸಿಗೆ ಮಾತ್ರ ಕಿಟಕಿಯಾಚೆಯ ಮಂಜೇ ಸಂಗಾತಿ. ವೈದ್ಯರ ಬಳಿಗೆ ಹೋದರೆ ಎಂಟು ಹತ್ತು ವರ್ಷದ ಮಗುವೇ ತಾಯಿಯ ಕಾಯಿಲೆಯನ್ನು ಇಟಾಲಿಯನ್ನಿಗೆ ತರ್ಜುಮೆ ಮಾಡಿ ಹೇಳಬೇಕಾದ ಸಂದರ್ಭಗಳು ಇಂಥ ಕುಟುಂಬಗಳಲ್ಲಿ ಅಪರೂಪವಲ್ಲ. ತಾಯಿ ಯಾವುದನ್ನು ಮಗುವಿನೆದುರು ಹೇಳಲಾರಳೋ ಅದು ವೈದ್ಯರಿಗೂ ತಿಳಿಯದೆ ಉಳಿಯುತ್ತದೆ. ವಲಸೆಯ ಕಷ್ಟಗಳಲ್ಲಿ ಕೂಲಿಯ ವಿಚಾರವನ್ನು ಎಲ್ಲರೂ ಆಡುತ್ತಾರೆ. ಈ ಮೌನವನ್ನು ಗಮನಿಸುವವರು ಕಡಿಮೆ.

ಇಟಾಲಿಯನ್ ಭಾಷೆಯಲ್ಲಿಯೂ ನಮ್ಮ ನೀನು - ನೀವುಗಳಂತೆ ಎರಡು ಬಗೆಯ ಸಂಬೋಧನೆಗಳಿವೆ. ಗೆಳೆಯರಿಗೆ, ಮಕ್ಕಳಿಗೆ ‘ತು’; ಅಪರಿಚಿತರಿಗೆ, ಹಿರಿಯರಿಗೆ ‘ಲೇಯಿ’. ಕೆಲಸದ ನಡುವೆ ಕಿವಿಯಿಂದಲೇ ಭಾಷೆ ಕಲಿತವನಿಗೆ ಮೊದಲು ದಕ್ಕುವುದು ‘ತು’. ಅದನ್ನೇ ಕಚೇರಿಯ ಅಧಿಕಾರಿಯ ಮುಂದೆ ಆಡಿದಾಗ ಅವರ ಹುಬ್ಬು ಮೇಲೇರುವುದುಂಟು. ಶಾಶ್ವತ ವಾಸದ ಪರವಾನಗಿಗೆ 5 ವರ್ಷಗಳ ವಾಸದ ಜೊತೆಗೆ, 2010ರಿಂದ ಭಾಷೆಯ ಪರೀಕ್ಷೆಯೂ ಕಡ್ಡಾಯವಾಗಿದೆ. ಹೊಲದಲ್ಲಿಯೂ ಕೊಟ್ಟಿಗೆಯಲ್ಲಿಯೂ ದುಡಿದು ಬಂದ ಗಂಡಸರು, ನಡುವಯಸ್ಸಿನ ತಾಯಂದಿರು ಸಂಜೆಯ ತರಗತಿಗಳಲ್ಲಿ ಕುಳಿತು ಕ್ರಿಯಾಪದಗಳ ರೂಪಗಳನ್ನು ಕಂಠಪಾಠ ಮಾಡುತ್ತಾರೆ.

ಹೊಸಬನು ಹೆಜ್ಜೆಹೆಜ್ಜೆಗೂ ಎಡವುವುದು ಊಟದ ವಿಷಯದಲ್ಲಿ. ಇಟಲಿಯವರ ಬೆಳಗಿನ ಉಪಾಹಾರವೆಂದರೆ ಒಂದು ಲೋಟ ಕಾಫಿ, ಜೊತೆಗೆ ಸಿಹಿ ಬಿಸ್ಕತ್ತು ಅಥವಾ ಬನ್ನು, ಅಷ್ಟೆ. ಪರಾಟ ಮೊಸರುಗಳನ್ನು ಉಂಡು ಬೆಳೆದವನಿಗೆ ಅದು ಉಪವಾಸದಂತೆಯೇ ತೋರೀತು. ಹಾಲು ಬೆರೆಸಿದ ಕಾಫಿಯನ್ನು ಅವರು ಬೆಳಿಗ್ಗೆ ಮಾತ್ರ ಕುಡಿಯುತ್ತಾರೆ. ಊಟವಾದ ಮೇಲೆ ಕೇಳಿದರೆ ಅಂಗಡಿಯವನು ಕೊಟ್ಟಾನು, ಆದರೆ ನಗುತ್ತಾನೆ. ಮಧ್ಯಾಹ್ನದ ಊಟ ಸುಮಾರು ಒಂದು ಗಂಟೆಗೆ. ಆ ಹೊತ್ತಿನಲ್ಲಿ ಸಣ್ಣ ಊರುಗಳ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಿರುತ್ತವೆ. ಮೊದಲು ಪಾಸ್ತ ಅಥವಾ ಸೂಪು, ಅದು ಮುಗಿದ ಮೇಲೆ ಮಾಂಸ ಇಲ್ಲವೆ ಮೊಟ್ಟೆ, ಅದರ ಜೊತೆಗೆ ತರಕಾರಿ - ಹೀಗೆ ಒಂದೊಂದೇ ಬರುತ್ತದೆ. ದಾಲ್, ಪಲ್ಯ, ರೊಟ್ಟಿ, ಉಪ್ಪಿನಕಾಯಿಗಳನ್ನು ಒಂದೇ ತಟ್ಟೆಯಲ್ಲಿ ಬಡಿಸಿಕೊಂಡು ಬೆರೆಸಿ ಉಣ್ಣುವವರಿಗೆ ಈ ಕ್ರಮ ವಿಚಿತ್ರವೆನಿಸುತ್ತದೆ. ಇಟಲಿಯವರಿಗೆ ಬೆರೆಸುವುದೇ ವಿಚಿತ್ರ.

ಆ ಪ್ರದೇಶದಲ್ಲಿ ‘ನ್ಯೊಕೊ ಫ್ರಿತ್ತೊ’ ಎಂಬ ತಿಂಡಿಯೊಂದುಂಟು. ನಾದಿದ ಹಿಟ್ಟನ್ನು ಲಟ್ಟಿಸಿ, ಕತ್ತರಿಸಿ, ಉಬ್ಬುವಂತೆ ಕರಿಯುತ್ತಾರೆ. ನೋಡುವುದಕ್ಕೆ ಸಾಕ್ಷಾತ್ ಪೂರಿಯೇ. ಆದರೆ ಸಂಪ್ರದಾಯದಂತೆ ಅದನ್ನು ಕರಿಯುವುದು ಹಂದಿಯ ಕೊಬ್ಬಿನಲ್ಲಿ. ಕುಂಬಳಕಾಯಿಯ ಹೂರಣ ತುಂಬಿ ಬೇಯಿಸುವ ‘ತೊರ್ತೆಲ್ಲಿ’ ಮಾಂಸ ತಿನ್ನದವರಿಗೆ ಒಗ್ಗಬಹುದಾದ ಭಕ್ಷ್ಯವೆಂದು ಕಂಡರೂ ಅದರಲ್ಲಿಯೂ ಚೀಸ್ ಸೇರಿರುತ್ತದೆ. ಕರುವಿನ ಜಠರದ ಕಿಣ್ವವಿಲ್ಲದೆ ಪಾರ್ಮಿಜಾನೊ ಆಗುವುದಿಲ್ಲವಾದ್ದರಿಂದ, ಕಟ್ಟುನಿಟ್ಟಾದ ಸಸ್ಯಾಹಾರಿ ಸಿಖ್ಖನು ತಾನೇ ಕರೆದ ಹಾಲಿನಿಂದಾದ ಚೀಸನ್ನು ಬಾಯಿಗಿಡಲಾರ. ಬಹುಮಂದಿ ತಿನ್ನುತ್ತಾರೆಂಬುದೂ ನಿಜ. ಮುಸುಕಿನ ಜೋಳದ ಹಿಟ್ಟನ್ನು ನೀರಿನಲ್ಲಿ ತೊಳಸಿ ಬೇಯಿಸುವ ‘ಪೊಲೆಂತ’ ಮಾತ್ರ ಇಬ್ಬರಿಗೂ ಪರಿಚಿತವಾದ ರುಚಿ. ಪಂಜಾಬಿಗಳಿಗೆ ಅದು ತಮ್ಮ ಮಕ್ಕಿ ರೊಟ್ಟಿಯ ಬಂಧುವಿನಂತೆ ತೋರುತ್ತದೆ. ಅಮೆರಿಕದಿಂದ ಬಂದ ಒಂದೇ ಧಾನ್ಯ ಎರಡು ನಾಡುಗಳಲ್ಲಿಯೂ ಬಡವರ ಹೊಟ್ಟೆ ತುಂಬಿಸಿತು. ಪೋ ಬಯಲಿನ ಕೂಲಿಕಾರರು 18 ಮತ್ತು 19ನೆಯ ಶತಮಾನಗಳಲ್ಲಿ ಪೊಲೆಂತವೊಂದನ್ನೇ ತಿಂದು, ಜೀವಸತ್ತ್ವದ ಕೊರತೆಯಿಂದ ಪೆಲಾಗ್ರ ಎಂಬ ರೋಗಕ್ಕೆ ತುತ್ತಾಗಿದ್ದರು. ಇಟಲಿಯವರೂ ಹೊಟ್ಟೆಪಾಡಿಗಾಗಿ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಅಮೆರಿಕ, ಅರ್ಜೆಂಟೀನ, ಜರ್ಮನಿಗಳಿಗೆ ಹೊರಟುಹೋದವರೇ. ಅದನ್ನು ಬಲ್ಲ ಮುದುಕರು ಇನ್ನೂ ಇದ್ದಾರೆ.

ಶಾಲೆಯ ಊಟದ ಮನೆಯಲ್ಲಿ ಧರ್ಮ ನಿಷೇಧಿಸಿದ ಮಾಂಸದ ಬದಲು ಬೇರೆ ಆಹಾರವನ್ನು ಕೇಳಿ ಪಡೆಯುವ ಏರ್ಪಾಡುಂಟು. ಮಕ್ಕಳು ಅಲ್ಲಿ ಪಾಸ್ತವನ್ನು ಕಲಿತು, ಮನೆಗೆ ಬಂದು ಅದನ್ನೇ ಬೇಡುತ್ತಾರೆ. ತಾಯಿ ಅದಕ್ಕೆ ಜೀರಿಗೆ, ಹಸಿಮೆಣಸಿನಕಾಯಿಗಳ ಒಗ್ಗರಣೆ ಹಾಕುತ್ತಾಳೆ. ಇಟಲಿಯ ನೆರೆಯವಳು ಕಂಡರೆ ಮೂಗಿನ ಮೇಲೆ ಬೆರಳಿಟ್ಟಾಳು.

ರೆಜ್ಜೊ ಎಮಿಲಿಯ ಜಿಲ್ಲೆಯ ನೊವೆಲ್ಲಾರ ಎಂಬ ಸಣ್ಣ ಪಟ್ಟಣದಲ್ಲಿ ಸಿಖ್ಖರು ದೊಡ್ಡದೊಂದು ಗುರುದ್ವಾರವನ್ನು ಕಟ್ಟಿದರು. 2000ದಲ್ಲಿ ಅದನ್ನು ಉದ್ಘಾಟಿಸಿದವರು ಆಗ ಯೂರೋಪಿಯನ್ ಆಯೋಗದ ಅಧ್ಯಕ್ಷರಾಗಿದ್ದ ರೊಮಾನೊ ಪ್ರೊದಿ. ಅಲ್ಲಿನ ಲಂಗರಿನಲ್ಲಿ ಬಂದವರಿಗೆಲ್ಲ ಉಚಿತವಾಗಿ ದಾಲ್ ರೊಟ್ಟಿಗಳ ಊಟ. ಇಟಲಿಯವರೂ ತಲೆಗೆ ವಸ್ತ್ರ ಸುತ್ತಿ, ಪಾದರಕ್ಷೆ ಕಳಚಿ, ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಬೈಸಾಖಿಯ ಸಮಯದಲ್ಲಿ ಪಟ್ಟಣದ ಬೀದಿಗಳನ್ನು ಗುಡಿಸುತ್ತ, ನೀರು ಚಿಮುಕಿಸುತ್ತ ಮೆರವಣಿಗೆ ಸಾಗುತ್ತದೆ.

ಎಲ್ಲವೂ ಹೀಗೆ ಸುಗಮವೆಂದು ತಿಳಿಯಬಾರದು. ಸಿಖ್ಖನು ಧರಿಸುವ ಕಿರ್ಪಾಣವನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯಲಾಗದೆಂದು ಇಟಲಿಯ ಅತ್ಯುನ್ನತ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ರೋಮಿನ ದಕ್ಷಿಣಕ್ಕಿರುವ ಲಾತೀನ ಜಿಲ್ಲೆಯ ತರಕಾರಿ ತೋಟಗಳಲ್ಲಿ ದುಡಿಯುವ ಪಂಜಾಬಿಗಳ ಪಾಡು ಕೊಟ್ಟಿಗೆಯವರಿಗಿಂತ ಬಹಳ ಕಠಿಣ. 2016ರಲ್ಲಿ ಅವರು ಸರಿಯಾದ ಕೂಲಿಗಾಗಿ ಮುಷ್ಕರ ಹೂಡಬೇಕಾಯಿತು. 2024ರ ಜೂನ್‌ನಲ್ಲಿ ಯಂತ್ರಕ್ಕೆ ಸಿಕ್ಕಿ ತೋಳು ಕತ್ತರಿಸಿಹೋದ ಭಾರತೀಯ ಕೂಲಿಯೊಬ್ಬನನ್ನು ಆಸ್ಪತ್ರೆಗೆ ಒಯ್ಯದೆ ಅವನ ಮನೆಯ ಮುಂದೆ ಬಿಟ್ಟುಹೋದರು, ಅವನು ಬದುಕಲಿಲ್ಲ. ಇಡೀ ಇಟಲಿ ಇದರಿಂದ ತಲ್ಲಣಿಸಿತು.

1992ರ ಕಾನೂನಿನಂತೆ ಪೌರತ್ವ ಬೇಡಲು ವಿದೇಶೀಯನು 10 ವರ್ಷ ಅಲ್ಲಿ ವಾಸಿಸಿರಬೇಕು. ಇಟಲಿಯಲ್ಲಿಯೇ ಹುಟ್ಟಿದ ಮಗುವೂ, ತಂದೆತಾಯಿಗಳು ವಿದೇಶೀಯರಾಗಿಯೇ ಉಳಿದರೆ, 18 ವರ್ಷ ತುಂಬುವವರೆಗೆ ಕಾಯಬೇಕು. ವಾಸದ ಅವಧಿಯನ್ನು 5 ವರ್ಷಕ್ಕೆ ಇಳಿಸುವ ಬಗೆಗೆ 2025ರ ಜೂನ್‌ನಲ್ಲಿ ನಡೆದ ಜನಮತಗಣನೆ, ಮತದಾರರಲ್ಲಿ ಅರ್ಧದಷ್ಟು ಜನರೂ ಬಾರದ ಕಾರಣ ಅಸಿಂಧುವಾಯಿತು. ಭಾರತ ಇಮ್ಮಡಿ ಪೌರತ್ವವನ್ನು ಒಪ್ಪುವುದಿಲ್ಲ. ಇಟಲಿಯ ಪ್ರಜೆಯಾದವನು ತಾಯ್ನಾಡಿನ ಪಾಸ್‌ಪೋರ್ಟನ್ನು ಹಿಂದಿರುಗಿಸಲೇಬೇಕು. ಒಂದೇ ಮನೆಯಲ್ಲಿ ತಂದೆ ಭಾರತೀಯನಾಗಿಯೂ ಮಗಳು ಇಟಾಲಿಯನ್ ಆಗಿಯೂ ಇರುವುದು ಹೀಗೆ.

ಅಂಥ ಮಕ್ಕಳು ಊರಿನ ಆಡುಮಾತನ್ನೂ ಪಂಜಾಬಿಯನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲರು. ದಾದಿಯರು, ಲೆಕ್ಕಿಗರು, ಯಂತ್ರ ತಜ್ಞರು ಆಗಬೇಕೆಂಬುದು ಅವರ ಬಯಕೆ. ನಸುಕಿನ ಮೂರು ಗಂಟೆಗೆ ಎದ್ದು ಹಾಲು ಕರೆಯಲು ಅವರಲ್ಲಿ ಬಹುಮಂದಿಗೆ ಮನಸ್ಸಿಲ್ಲ, ತಂದೆಯರೂ ಒತ್ತಾಯಿಸುವುದಿಲ್ಲ. ಕೊಟ್ಟಿಗೆಯ ಮಾಲೀಕರು ಕೆಲವೆಡೆ ತಾನಾಗಿಯೇ ಹಾಲು ಕರೆಯುವ ಯಂತ್ರಗಳನ್ನು ತರಿಸುತ್ತಿದ್ದಾರೆ; ಉಳಿದೆಡೆ ಹೊಸ ಆಳುಗಳನ್ನು ಹುಡುಕುತ್ತಿದ್ದಾರೆ.