ಅಲಬಾಮಾದಲ್ಲೂ ಐತಿ ಎರಿ ನೆಲ

ನವಲಗುಂದ, ನರಗುಂದದ ಬಸ್ಸು ಹತ್ತುವವರಿಗೆ ಎರಿ ಮಣ್ಣಿನ ಗುಣ ಹೇಳಬೇಕಾಗಿಲ್ಲ. ಬ್ಯಾಸಗಿಯಲ್ಲಿ ಕಾಲು ಸಿಗುವಂಥ ಬಿರುಕು. ಮಳಿ ಬಿತ್ತೋ, ಚಪ್ಪಲಿ ಕೈಯಲ್ಲಿ. ಇಂಥದೇ ಮಣ್ಣಿನ ಒಂದು ಪಟ್ಟಿ ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯಕ್ಕೆ ನಡುಪಟ್ಟಿ ಕಟ್ಟಿದ ಹಾಗೆ ಹಾದು ಹೋಗಿದೆ. ಹೆಸರೂ ಅದೇ: ಬ್ಲ್ಯಾಕ್ ಬೆಲ್ಟ್.

ಆ ರಾಜ್ಯದಲ್ಲಿ 67 ಕೌಂಟಿ. ಕೌಂಟಿ ಅಂದರೆ ನಮ್ಮ ತಾಲ್ಲೂಕು ಅಂತ ತಿಳಕೊಳ್ರಿ: ಒಂದು ಕೋರ್ಟು, ಒಬ್ಬ ಶೆರೀಫ, ಸುತ್ತ ಹೊಲ. ಡಲ್ಲಾಸ್, ಲೌಂಡ್ಸ್, ವಿಲ್ಕಾಕ್ಸ್, ಪೆರಿ ಇವೆಲ್ಲ ಕರಿ ಪಟ್ಟಿಯವು. ವಿಜಯಪುರ ಕಡೆಯ ಎರಿ ಲಾವಾ ಕಲ್ಲು ಸವೆದು ಆದದ್ದು. ಅವರದು ಹಳೇ ಸಮುದ್ರದ ತಳದ ಸುಣ್ಣದ ಕಲ್ಲು ಸವೆದು ಆದದ್ದು. ಹುಟ್ಟು ಬೇರೆ, ಸ್ವಭಾವ ಒಂದೇ.

ಬೆಳೆಯೂ ಒಂದೇ, ಹತ್ತಿ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ತೋಟದ ಸಾಹೇಬರನ್ನು ಕರೆಸಿ ಧಾರವಾಡ ಸೀಮೆಯಲ್ಲಿ ಅವರ ಬೀಜ ಹಾಕಿಸಿತು. ಅದೇ ‘ಧಾರವಾಡ ಅಮೆರಿಕನ್’ ಹತ್ತಿ. 1861ರಿಂದ 65ರ ತನಕ ಅಲ್ಲಿ ಅಂತರ್ಯುದ್ಧ ನಡೆದು ಹತ್ತಿ ನಿಂತಾಗ ನಮ್ಮ ಪ್ಯಾಟಿಯಲ್ಲಿ ದರ ಏರಿತ್ತು. ಆದರೆ ಅಲ್ಲಿ ಆ ಹತ್ತಿ ಬಿಡಿಸಿದವರು ಗುಲಾಮರು. ಅವರ ಮಕ್ಕಳು ಮೊಮ್ಮಕ್ಕಳೇ ಇಂದಿಗೂ ಆ ಕೌಂಟಿಗಳಲ್ಲಿ ಹೆಚ್ಚು. ಹೀಗಾಗಿ ಮಣ್ಣಿನ ಬಣ್ಣಕ್ಕೆ ಇಟ್ಟ ಹೆಸರು ಜನರ ಬಣ್ಣಕ್ಕೂ ಅಂಟಿಕೊಂಡಿತು.

ಲೌಂಡ್ಸ್ ಕೌಂಟಿಯ ಕತೆ ಕೇಳ್ರಿ. 1965ರಲ್ಲಿ ನೂರಕ್ಕೆ ಸುಮಾರು 80 ಜನ ಕಪ್ಪು ಜನ ಇದ್ದರು. 1965ರ ಆರಂಭದಲ್ಲಿ ಮತದಾರರ ಯಾದಿಯಲ್ಲಿ ಅವರ ಪೈಕಿ ಒಬ್ಬನೂ ಇಲ್ಲ! ಆ ಮಾರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸೆಲ್ಮಾದಿಂದ ಮಾಂಟ್‌ಗೊಮೆರಿಗೆ 54 ಮೈಲಿ ನಡೆದದ್ದು ಬಹುಪಾಲು ಈ ಕೌಂಟಿಯ ರಸ್ತೆಯಲ್ಲೇ. ಅಲ್ಲಿ ರಸ್ತೆ ಕಿರಿದು, ಅದಕ್ಕೆ 300 ಮಂದಿ ಮೀರಬಾರದು ಅಂತ ಕೋರ್ಟಿನ ಅಪ್ಪಣೆ. ಆಮೇಲೆ ಯಾದಿಯಲ್ಲಿ ಹೆಸರು ಬರೆಸಿದ ಕೋರು ರೈತರನ್ನು ಜಮೀನ್ದಾರರು ಹೊಲದಿಂದ ಎಬ್ಬಿಸಿದರು. ಆ ಕುಟುಂಬಗಳು ಅದೇ ಹೆದ್ದಾರಿ ಪಕ್ಕ ಡೇರೆ ಹಾಕಿಕೊಂಡು ಎರಡು ವರ್ಷದ ಮೇಲೆ ಕಳೆದವು.

ವೋಟು ಸಿಕ್ಕಿತು. ಮಣ್ಣು ಮಾತ್ರ ಮಣ್ಣೇ. ಎರಿ ನೀರು ಕುಡಿಯೋದಿಲ್ಲ, ನಮ್ಮ ಹಳ್ಳಿಯಲ್ಲಿ ಪಾಯಖಾನೆ ಗುಂಡಿ ತೋಡಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಊರುಗಳು ಚದುರಿದ್ದರಿಂದ ಒಳಚರಂಡಿ ಕೊಳವೆ ಅನೇಕ ಮನೆಗಳಿಗೆ ಇಲ್ಲ. ಮಾಮೂಲಿ ಸೆಪ್ಟಿಕ್ ಟ್ಯಾಂಕು ಕೆಲಸ ಮಾಡೋದಿಲ್ಲ. ಮಣ್ಣು ಏರಿಸಿ ಕಟ್ಟುವ ಬೇರೆ ನಮೂನೆಯದಕ್ಕೆ ಸಾವಿರಾರು ಡಾಲರ್ ಬೇಕು. ಬಡವ ಏನು ಮಾಡ್ಯಾನು? ಕೊಳವೆ ಹಿತ್ತಿಲಿಗೆ ಬಿಡುತ್ತಾನೆ. ಮಳಿ ಬಂದರೆ ಹೊಲಸು ತಿರುಗಿ ಮನಿಯೊಳಗೇ ಬರುತ್ತದೆ. ಸಾಲದ್ದಕ್ಕೆ, ಇದಕ್ಕಾಗಿ ಜನರ ಮೇಲೆಯೇ ಕೇಸು ಹಾಕುತ್ತಿದ್ದರು. ಚಂದ್ರನ ಮೇಲೆ ಕಾಲಿಟ್ಟ ದೇಶ!

(ಇದೇ ಮಣ್ಣು ನೀರು ಹಿಡಿದಿಡುತ್ತದೆ ಅಂತ ಗ್ರೀನ್, ಹೇಲ್ ಕೌಂಟಿಗಳಲ್ಲಿ ಕೆರೆ ಕಟ್ಟಿ ಮೀನು ಸಾಕುತ್ತಾರೆ. ಕೆರೆಗೆ ವರ, ಪಾಯಖಾನೆಗೆ ಶಾಪ.)

2021ರಲ್ಲಿ ಕೇಂದ್ರ ನ್ಯಾಯ ಇಲಾಖೆ ತನಿಖೆ ನಡೆಸಿತು. 2023ರ ಮೇ ತಿಂಗಳಲ್ಲಿ ರಾಜ್ಯದ ಆರೋಗ್ಯ ಇಲಾಖೆ ಕೇಸು ನಿಲ್ಲಿಸಿ, ಟ್ಯಾಂಕು ಸರಿಪಡಿಸಲು ಯೋಜನೆ ಮಾಡುವುದಾಗಿ ಒಪ್ಪಂದಕ್ಕೆ ರುಜು ಹಾಕಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರಕಾರ ಆ ಒಪ್ಪಂದವನ್ನೇ ರದ್ದು ಮಾಡಿತು.