ಅರ್ಧವಾರ್ಷಿಕ ರಜೆ, ಪೊಂಗಲ್ ಮತ್ತು ಇಂಗ್ಲಿಷ್ ಪಾಠ: ನೆನಪಿನ ಲೆಕ್ಕಾಚಾರ

ತಮಿಳುನಾಡಿನ ಶಾಲೆಗಳಲ್ಲಿ ತ್ರೈಮಾಸಿಕ ಪರೀಕ್ಷೆಯ ಬಳಿಕ ದಸರೆಯ ಆಸುಪಾಸಿನಲ್ಲಿ ಒಂದು ರಜೆಯೂ, ಡಿಸೆಂಬರಿನ ಅರ್ಧವಾರ್ಷಿಕ ಪರೀಕ್ಷೆ ಮುಗಿದೊಡನೆ ಹೊಸ ವರ್ಷದವರೆಗೆ ಇನ್ನೊಂದು ರಜೆಯೂ, ಜನವರಿಯ ನಡುವೆ ಪೊಂಗಲ್ ಹಬ್ಬದ ಕೆಲವು ದಿನಗಳ ಬಿಡುವೂ ಬರುತ್ತವೆ. ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆ 2024 ಮತ್ತು 2025ರಲ್ಲಿ ಮಾರ್ಚ್ ಕೊನೆಯ ವಾರದಲ್ಲಿ ಆರಂಭವಾಗಿತ್ತು. ಆ ಪರೀಕ್ಷೆ ಮುಂದೆ ಕಾದಿರುವುದರಿಂದ, ಈ ಬಿಡುವುಗಳಲ್ಲಿ ಮಕ್ಕಳು ಇಂಗ್ಲಿಷ್ ಪುಸ್ತಕವನ್ನು ಯಾವಾಗ ತೆರೆಯಬೇಕು, ತೆರೆದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆ ಶಿಸ್ತಿಗೆ ಸಂಬಂಧಿಸಿದಷ್ಟೇ ನೆನಪಿನ ವಿಜ್ಞಾನಕ್ಕೂ ಸಂಬಂಧಿಸಿದೆ.

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಕೊಯಮತ್ತೂರು ನಗರ ಮತ್ತು ಸಿರುಮುಗೈಯ ದೇವಾಂಗ ನೇಕಾರರಲ್ಲಿಯೂ ಉಡುಮಲೈಪೇಟೆ ಕಡೆಯ ಒಕ್ಕಲಿಗರಲ್ಲಿಯೂ ಕನ್ನಡ ಮನೆಮಾತಾಗಿ ಉಳಿದಿದೆಯಾದರೂ ಕನ್ನಡ ಲಿಪಿ ಬಹುಮಟ್ಟಿಗೆ ಉಳಿದಿಲ್ಲ. 1968ರಿಂದ ರಾಜ್ಯದಲ್ಲಿ ದ್ವಿಭಾಷಾ ನೀತಿ ಜಾರಿಯಲ್ಲಿದ್ದು, ಇಲ್ಲಿನ ಮಗು ಕನ್ನಡದಲ್ಲಿ ಮಾತಾಡಿ, ತಮಿಳಿನಲ್ಲಿ ಓದು ಬರಹ ಕಲಿತು, ಆಮೇಲೆ ಇಂಗ್ಲಿಷಿಗೆ ಬರುತ್ತದೆ. ಇದು ಬರಿಯ ಹೊರೆಯೆಂದು ಭಾವಿಸಬೇಕಾಗಿಲ್ಲ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಿದ್ದರೂ ಕನ್ನಡದ ‘ಕಾಳಿ’ ಮತ್ತು ‘ಗಾಳಿ’ಗಳ ವ್ಯತ್ಯಾಸವನ್ನು ಶಾಲೆಗೆ ಸೇರುವ ಮೊದಲೇ ಕೇಳಿ ಬಲ್ಲ ಮಗುವಿಗೆ, ಇಂಗ್ಲಿಷಿನ ‘ಪಿನ್’ ಮತ್ತು ‘ಬಿನ್’ಗಳನ್ನು ಕಿವಿಯಿಂದ ಬೇರ್ಪಡಿಸುವುದಕ್ಕೆ ಅಷ್ಟು ಸಿದ್ಧತೆ ಮನೆಯಲ್ಲಿಯೇ ಆಗಿರುತ್ತದೆ.

ಆದರೆ ರಜೆಯಲ್ಲಿ ಆ ಕಿವಿಗೆ ಕೆಲಸವೇ ಸಿಗುವುದಿಲ್ಲ, ಏಕೆಂದರೆ ಹೋಂವರ್ಕ್ ಎಂಬುದು ಹೆಚ್ಚಾಗಿ ಕೈಗೆ ಮಾತ್ರ ಸಂಬಂಧಿಸಿದ ಕೆಲಸ: ಬಾಯಿಪಾಠದ ಪದ್ಯವನ್ನು ಮೂರು ಸಲ ನಕಲು ಮಾಡುವುದು, ಪ್ರಶ್ನೋತ್ತರಗಳನ್ನು ಗೈಡಿನಿಂದ ಇಳಿಸುವುದು, ಕಠಿಣ ಪದಗಳನ್ನು ಹತ್ತು ಹತ್ತು ಸಲ ಬರೆಯುವುದು. ಹತ್ತು ಸಲ ಬರೆಯುವ ಮಗು ಅನೇಕ ವೇಳೆ ಪದದ ಮೊದಲ ಅಕ್ಷರವನ್ನು ಹತ್ತು ಗೆರೆಗಳಲ್ಲಿ ಮೇಲಿನಿಂದ ಕೆಳಕ್ಕೆ ಬರೆದು, ಅನಂತರ ಎರಡನೆಯ ಅಕ್ಷರಕ್ಕೆ ಮತ್ತೆ ಮೇಲಕ್ಕೆ ಹೋಗಿ, ಹೀಗೆ ಕಂಬ ಕಂಬವಾಗಿ ಪುಟ ತುಂಬಿಸುತ್ತದೆ. ಪುಟ ಮುಗಿದಾಗ ಪದ ಹತ್ತು ಸಲ ಕಾಗದದ ಮೇಲೆ ಇರುತ್ತದೆಯೇ ಹೊರತು ಒಮ್ಮೆಯೂ ಮನಸ್ಸಿನಲ್ಲಿ ಪೂರ್ಣವಾಗಿ ಮೂಡಿರುವುದಿಲ್ಲ. ಇದು ಮಗುವಿನ ಕಳ್ಳತನವಲ್ಲ, ಅರ್ಥವಿಲ್ಲದ ಕೆಲಸಕ್ಕೆ ಅದು ಕಂಡುಕೊಂಡ ಜಾಣ ಉತ್ತರ ಎನ್ನಬೇಕು.

ಮರೆವನ್ನು ಮೊದಲ ಬಾರಿಗೆ ಅಳತೆಗೆ ಒಳಪಡಿಸಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಉಚ್ಚಾರಾಂಶಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು ಅವನ್ನೇ ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂಬುದನ್ನು ಲೆಕ್ಕ ಹಾಕಿ, 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ತೋರಿಸಿದ್ದೇನೆಂದರೆ, ಈ ಉಳಿತಾಯ ಒಂದು ಗಂಟೆಯೊಳಗೆ ಶೇ. 44ಕ್ಕೂ ಒಂದು ದಿನದಲ್ಲಿ ಶೇ. 34ಕ್ಕೂ ಇಳಿದು, ಅಲ್ಲಿಂದ ಮುಂದೆ ನಿಧಾನವಾಗಿ ಜಾರಿ ಒಂದು ತಿಂಗಳಾದಾಗಲೂ ಶೇ. 21ರಷ್ಟು ಉಳಿದಿರುತ್ತದೆ. ಹೀಗಾಗಿ ರಜೆಯಲ್ಲಿ ಎಲ್ಲವೂ ಮರೆತುಹೋಯಿತೆಂಬ ಪೋಷಕರ ದೂರು ಅರ್ಧ ಸತ್ಯ. ಮರೆವಿನ ದೊಡ್ಡ ಪಾಲು ಪಾಠ ಮುಗಿದ ದಿನವೇ ನಡೆದುಹೋಗಿರುತ್ತದೆ.

ಮರೆವನ್ನು ತಡೆಯುವುದು ಮರು ಓದಲ್ಲ, ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವ ಪ್ರಯತ್ನ. ಇದನ್ನು ಮನೋವಿಜ್ಞಾನದಲ್ಲಿ ಮರುಪಡೆಯುವಿಕೆ ಎನ್ನಬಹುದು. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ಬಳಿಕ ಶೇ. 83ರಷ್ಟನ್ನು ಹೇಳಬಲ್ಲವರಾಗಿದ್ದರು, ಒಂದು ಅವಧಿಯಲ್ಲಿ ಓದಿ ಉಳಿದ ಮೂರರಲ್ಲಿ ಪುಸ್ತಕವಿಲ್ಲದೆ ಬರೆದು ನೋಡಿದವರು ಶೇ. 71ರಲ್ಲಿ ಹಿಂದುಳಿದಿದ್ದರು. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿತು: ಓದಿದವರಲ್ಲಿ ಶೇ. 40 ಉಳಿದಿದ್ದರೆ ಬರೆದು ನೋಡಿದವರಲ್ಲಿ ಶೇ. 61 ಉಳಿದಿತ್ತು. ಶಾಲೆ ತೆರೆಯುವ ಹಿಂದಿನ ರಾತ್ರಿ ನೋಟ್ಸನ್ನು ಮತ್ತೆ ಮತ್ತೆ ಓದಿ ತೃಪ್ತನಾಗುವ ಹುಡುಗನಿಗೆ ಅದು ಫಲ ಕೊಟ್ಟಂತೆ ಏಕೆ ಕಾಣುತ್ತದೆ, ಪರೀಕ್ಷೆಯಲ್ಲಿ ಏಕೆ ಕೈಕೊಡುತ್ತದೆ ಎಂಬುದಕ್ಕೆ ಇದೊಂದೇ ಪ್ರಯೋಗದಲ್ಲಿ ಉತ್ತರವಿದೆ.

ಇನ್ನು ಕಾಲದ ವಿಷಯ. ಒಂದೇ ಶ್ರಮವನ್ನು ಒಂದೇ ದಿನ ಹಾಕುವುದಕ್ಕಿಂತ ದಿನಗಳ ಅಂತರದಲ್ಲಿ ಹಂಚಿದರೆ ನೆನಪು ಗಟ್ಟಿಯಾಗುತ್ತದೆ. ಇದಕ್ಕೆ ಅಂತರದ ಪರಿಣಾಮ ಎಂದು ಹೆಸರು. ಆ ಅಂತರ ಎಷ್ಟಿರಬೇಕೆಂಬುದನ್ನು ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು 1,350ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು: ಪರೀಕ್ಷೆ ಒಂದು ವಾರ ದೂರದಲ್ಲಿದ್ದರೆ ಎರಡು ಓದುಗಳ ನಡುವೆ ಒಂದು ದಿನ, 35 ದಿನ ದೂರದಲ್ಲಿದ್ದರೆ 11 ದಿನ, 70 ದಿನ ದೂರದಲ್ಲಿದ್ದರೆ 21 ದಿನ ಬಿಡುವುದು ಅತ್ಯಂತ ಫಲದಾಯಕವಾಗಿ ಕಂಡಿತು. ತಮಿಳುನಾಡಿನ ಕ್ಯಾಲೆಂಡರನ್ನು ಇದರ ಪಕ್ಕದಲ್ಲಿಟ್ಟರೆ ಒಂದು ಕುತೂಹಲದ ಹೊಂದಾಣಿಕೆ ಕಾಣುತ್ತದೆ. ಕ್ರಿಸ್ಮಸ್ ದಿನದಿಂದ ಪೊಂಗಲ್‌ಗೆ ಸುಮಾರು 21 ದಿನ. ಪರೀಕ್ಷೆ ಮಾರ್ಚ್ ಕೊನೆಯ ವಾರದಲ್ಲಿ ಆರಂಭವಾದರೆ ಪೊಂಗಲ್‌ನಿಂದ ಅದಕ್ಕೆ ಸುಮಾರು 70 ದಿನ. ಅರ್ಧವಾರ್ಷಿಕ ರಜೆಯ ಆರಂಭದಲ್ಲಿ ಕಲಿತ ಪದಗಳನ್ನು ಪೊಂಗಲ್ ಬಿಡುವಿನಲ್ಲಿ ಮತ್ತೆ ನೆನಪಿಗೆ ತಂದುಕೊಂಡರೆ, ಯಾರೂ ಉದ್ದೇಶಿಸದೆ ಒದಗಿದ ಈ ಅಂತರದ ಲಾಭ ದೊರೆಯುತ್ತದೆ. ಆ ಪ್ರಯೋಗ ನಡೆದದ್ದು ಸಣ್ಣ ಸಣ್ಣ ಸಾಮಾನ್ಯ ಜ್ಞಾನದ ಸಂಗತಿಗಳ ಮೇಲೆ ಎಂಬುದನ್ನು ಮರೆಯಬಾರದು. ಪದ, ಕಾಗುಣಿತ, ಸಮಾನಾರ್ಥಕಗಳಿಗೆ ಅದು ಸಲೀಸಾಗಿ ಅನ್ವಯಿಸೀತು, ಪ್ರಬಂಧ ರಚನೆಗೆ ಅಷ್ಟು ನೇರವಾಗಿ ಅಲ್ಲ. ಪರಭಾಷೆಯ ಪದಗಳ ಬಗ್ಗೆ ಹ್ಯಾರಿ ಬಾರಿಕ್ ತನ್ನ ಮನೆಯ ನಾಲ್ವರನ್ನೇ ಪ್ರಯೋಗಕ್ಕೆ ಒಡ್ಡಿ 1993ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ ದಿಕ್ಕಿನದು: 56 ದಿನಗಳಿಗೊಮ್ಮೆ ನಡೆಸಿದ 13 ಅಭ್ಯಾಸಗಳು 14 ದಿನಗಳಿಗೊಮ್ಮೆ ನಡೆಸಿದ 26 ಅಭ್ಯಾಸಗಳಿಗೆ ಸರಿಸಮನಾದವು.

ದಸರೆಯ ಬಿಡುವಿನಲ್ಲಂತೂ ಸಂಪ್ರದಾಯವೇ ಅಂತರವನ್ನು ವಿಧಿಸಿದೆ. ಆಯುಧಪೂಜೆಯಂದು ಸರಸ್ವತಿಯ ಮುಂದಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ವಿಜಯದಶಮಿಯಂದು ದೇವಾಂಗರ ಬೀದಿಗಳಲ್ಲಿ ಕುಲದೇವತೆ ಚೌಡೇಶ್ವರಿಗೆ ಕತ್ತಿ ಹಿಡಿದು ಸಲ್ಲಿಸುವ ಅಲಗು ಸೇವೆಯ ಗದ್ದಲದಲ್ಲಿ ಮುಟ್ಟುವ ಮನಸ್ಸೂ ಮಕ್ಕಳಿಗೆ ಬರಲಾರದು. ಆ ಒಂದೆರಡು ದಿನಗಳಿಂದ ಕಲಿಕೆಗೆ ನಷ್ಟವೇನೂ ಇಲ್ಲ.

ಮಗ್ಗದ ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಹಿರಿಯರಿಲ್ಲದಿದ್ದರೆ ಪಾಠ ಒಪ್ಪಿಸಿಕೊಳ್ಳುವವರು ಯಾರೆಂಬ ತೊಡಕು ಉಳಿಯುತ್ತದೆ. ಕೇಳುವವರಿಗೆ ಇಂಗ್ಲಿಷ್ ಬರಲೇಬೇಕೆಂದಿಲ್ಲ: ಮಗು ಪದಗಳ ಅರ್ಥವನ್ನು ತಮಿಳಿನಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಟ್ಟರೆ ಅಜ್ಜಿಯೋ ಅಕ್ಕನೋ ಅದನ್ನು ಓದಿ ಕೇಳಬಹುದು, ಪೂರಕ ಪಠ್ಯದ ಕಥೆಯನ್ನು ಮನೆಯ ಕನ್ನಡದಲ್ಲಿಯೇ ಹೇಳಿಸಬಹುದು, ಅನಂತರ ಮಗು ಇಂಗ್ಲಿಷಿನಲ್ಲಿ ತಾನು ಬರೆದುದನ್ನು ಪಠ್ಯಪುಸ್ತಕ ತೆರೆದು ತಾನೇ ತಾಳೆ ನೋಡಬಹುದು. ಈ ಕೊನೆಯ ಹೆಜ್ಜೆಯನ್ನು ಬಿಡುವಂತಿಲ್ಲ, ಏಕೆಂದರೆ ತಿದ್ದದೆ ಬಿಟ್ಟ ತಪ್ಪು ಕಾಗುಣಿತವೂ ಮರುಪಡೆದಷ್ಟು ಸಲ ಗಟ್ಟಿಯಾಗುತ್ತಲೇ ಹೋಗುತ್ತದೆ.