ಅವ್ವನ ಹೆಸರಿನಲ್ಲೊಂದು ಹಗ್ಗ

ಬೇಸಿಗೆ ಬಂತೆಂದರೆ ಬಳ್ಳಾರಿಯಲ್ಲಿ ತೀರಿಹೋದವರ ಹೆಸರಿನಲ್ಲಿ ನೀರು ಕೊಡುವವರಿಗೆ ಕಮ್ಮಿಯಿಲ್ಲ. ರಾಯಲ್ ವೃತ್ತದ ಆಸುಪಾಸು, ಬಸ್ ನಿಲ್ದಾಣದ ಎದುರು, ಮೋಕಾ ರಸ್ತೆಯ ಬೇವಿನ ನೆರಳಲ್ಲಿ ಅರವಟ್ಟಿಗೆಗಳು ಏಳುತ್ತವೆ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ, ಸರಪಳಿ ಕಟ್ಟಿದ ಸ್ಟೀಲ್ ಲೋಟ, ಮೇಲೊಂದು ಫ್ಲೆಕ್ಸ್, ಅದರಲ್ಲಿ ತಂದೆಯದೋ ತಾಯಿಯದೋ ಫೋಟೊ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯ ದಾಸೋಹಕ್ಕೆ ಅಕ್ಕಿ ಮೂಟೆ ಇಳಿಸುವವರು ‘ನಮ್ಮ ಅವ್ವನ ಹೆಸರಿಗೆ ಬರ್ಕೊಳ್ರಿ’ ಎನ್ನುತ್ತಾರೆ. ಶಾಲೆಗಳಲ್ಲಿ ದತ್ತಿ ಬಹುಮಾನ ಇಡುವವರಿದ್ದಾರೆ. ಹಿರಿಯರ ಸವಾಬಿಗೆ, ಅಂದರೆ ಪುಣ್ಯಕ್ಕೆ, ಬೋರ್‌ವೆಲ್ ಹಾಕಿಸುವ ಮುಸ್ಲಿಂ ಮನೆತನಗಳಿವೆ.

ಈ ರೂಢಿ ಇವತ್ತು ನಿನ್ನೆಯದಲ್ಲ. ಕುರುಗೋಡು ಸಿಂದರ ರಾಜಧಾನಿಯಾಗಿ ಮೆರೆದ 12ನೇ ಶತಮಾನದ ಹೊತ್ತಿಗೆ ಕನ್ನಡ ಶಾಸನಗಳಲ್ಲಿ ‘ಪರೋಕ್ಷವಿನಯ’ ಎಂಬ ಮಾತು ನೆಲೆಯೂರಿತ್ತು. ಅಗಲಿದವರಿಗೆ ಗೌರವವಾಗಿ ಗುಡಿ ಕಟ್ಟಿಸುವುದು, ಬಸದಿ ಎತ್ತಿಸುವುದು, ಕಲ್ಲು ನಿಲ್ಲಿಸುವುದು ಇದರಲ್ಲಿ ಬರುತ್ತಿತ್ತು. ಊರಿನ ದನ ಬಿಡಿಸಿ ತರಲು ಹೋಗಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿ, ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುತ್ತಿದ್ದರು. ಇನ್ನೊಬ್ಬರನ್ನು ಉಳಿಸಲು ಹೋದವನ ಸಂಸಾರದ ಹೊಣೆ ಊರಿನದು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ನೀರು ಕೊಡುವುದರಲ್ಲಿ ಇಷ್ಟು ಮುಂದಿರುವ ಈ ಸೀಮೆ, ನೀರಿಗೆ ಬಿದ್ದವರನ್ನು ಎತ್ತುವ ಕೆಲಸಕ್ಕೂ ತನ್ನ ಹಿರಿಯರ ಹೆಸರನ್ನು ಕೊಡಬೇಕು ಎಂಬುದು ನನ್ನ ಬಹಳ ದಿನದ ಆಸೆ. ಸಿರುಗುಪ್ಪ ತಾಲ್ಲೂಕಿಗೆ ಒಂದು ಕಡೆ ತುಂಗಭದ್ರೆ, ನಡುವೆ ಬಂದು ಅದನ್ನು ಸೇರುವ ಹಗರಿ. ಕುರುಗೋಡಿನ ಗದ್ದೆಗಳಿಗೆ ತುಂಗಭದ್ರೆಯ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ನೀರು, ಬಳ್ಳಾರಿ ನಗರದ ಅಲ್ಲೀಪುರ ಕೆರೆಗೆ ಮೇಲ್ಮಟ್ಟದ ಕಾಲುವೆಯ (ಎಚ್‌ಎಲ್‌ಸಿ) ನೀರು. ಭತ್ತದ ಕಣಜ ಎಂದು ಹೆಸರಾದ ನೆಲ ಇದು. ಆ ಹೆಸರು ತಂದ ನೀರೇ ವರ್ಷವರ್ಷ ಜೀವಗಳನ್ನೂ ಒಯ್ಯುತ್ತದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯನ್ನು ಸಿರುಗುಪ್ಪದ ನದಿದಂಡೆಯ ಊರುಗಳು ಮರೆತಿಲ್ಲ. ಆ ಸಲ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಕೆಳಗೆ ಮಂತ್ರಾಲಯ, ಕರ್ನೂಲು ಮುಳುಗಿದವು. 2019ರ ಆಗಸ್ಟ್‌ನಲ್ಲಿ ಹಂಪಿಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ರಕ್ಷಣೆಗೆ ಇಳಿದ ದೋಣಿಯೇ ಮಗುಚಿ, ಕೊಚ್ಚಿಹೋದವರನ್ನು ಹೆಲಿಕಾಪ್ಟರ್ ಎತ್ತಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನದಿಗೆ ನೀರು ಬಿಟ್ಟಾಗ ಕೆಳಗಿನವರ ನಿದ್ದೆ ಹಾರಿತ್ತು.

ಇಂಥ ಹೊತ್ತಿನಲ್ಲಿ ಮೊದಲು ನೆನಪಾಗುವವನು ಅಂಬಿಗ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ಹರಿಗೋಲುಗಳು 15-20 ಜನರನ್ನು ಹೊತ್ತು ಆನೆಗೊಂದಿಯ ಕಡೆಗೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಅದೇ. ಮುಂದು ಹಿಂದು ಇಲ್ಲದ ಈ ತೆಪ್ಪ ಸುಳಿಯಲ್ಲಿ ಗಿರಗಿರ ತಿರುಗುತ್ತದೆ. ಒಂಟಿ ಹುಟ್ಟನ್ನು ಮುಂದಿನಿಂದ ತನ್ನ ಕಡೆಗೆ ಎಳೆಯುತ್ತ ಅದನ್ನು ನೆಟ್ಟಗೆ ನಡೆಸುವುದು ನೀರಿನಲ್ಲೇ ಬೆಳೆದವರಿಗೆ ಒಲಿಯುವ ವಿದ್ಯೆ. ಆದರೆ ಇಂಥ ಕೈಗೆ ಲೈಫ್ ಜಾಕೆಟ್ ಕೊಟ್ಟವರಾರು? ಇನ್ನೊಬ್ಬರ ಮಗನಿಗಾಗಿ ನೀರಿಗಿಳಿಯುವವನ ಸ್ವಂತ ಮಕ್ಕಳಿಗೆ ವಿಮೆ ಮಾಡಿಸಿದವರಾರು?

ಇದೇ ಪ್ರಶ್ನೆ ಬ್ರಿಟನ್ನಿನ ಕಡಲತೀರದಲ್ಲಿ 200 ವರ್ಷದ ಹಿಂದೆ ಎದ್ದಿತ್ತು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿದ್ದ ಸರ್ ವಿಲಿಯಂ ಹಿಲರಿ ಹಡಗುಗಳು ಒಡೆದು ಜನ ಸಾಯುವುದನ್ನು ಕಂಡು ಸುಮ್ಮನಿರಲಾರದೆ 1823ರಲ್ಲಿ ದೇಶಕ್ಕೊಂದು ಮನವಿ ಬರೆದರು. ಅದರ ಫಲವಾಗಿ 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಹುಟ್ಟಿದ ಸಂಸ್ಥೆಯೇ ಇವತ್ತಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. ದೋಣಿಗಳಲ್ಲಿ ಹೋಗುವವರು ಬಹುಪಾಲು ಸ್ವಯಂಸೇವಕರು, ಅಂಗಡಿಯವರು, ಬಡಗಿಗಳು, ಮೇಷ್ಟ್ರುಗಳು. ಪೇಜರ್ ಕೂಗಿದರೆ ಕೈಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಇದುವರೆಗೆ ಉಳಿದ ಜೀವಗಳು 1 ಲಕ್ಷ 40 ಸಾವಿರಕ್ಕೂ ಹೆಚ್ಚು.

ನನ್ನ ಮನಸ್ಸು ಹಿಡಿದದ್ದು ಅವರ ಹಣದ ಕಥೆ. 1886ರ ಡಿಸೆಂಬರ್ 9ರ ರಾತ್ರಿ ‘ಮೆಕ್ಸಿಕೊ’ ಎಂಬ ಹಡಗಿನ ನೆರವಿಗೆ ಹೊರಟ ಎರಡು ಲೈಫ್‌ಬೋಟ್‌ಗಳ 27 ಮಂದಿ ಬಿರುಗಾಳಿಗೆ ಬಲಿಯಾದರು. ಅವರ ಹೆಂಡತಿ ಮಕ್ಕಳಿಗಾಗಿ ಹಣ ಕೂಡಿಸುವಾಗ ಚಾರ್ಲ್ಸ್ ಮಕಾರಾ ಎಂಬ ಗಿರಣಿ ಮಾಲೀಕರಿಗೆ ಒಂದು ಸಂಗತಿ ಹೊಳೆಯಿತು. ಲೈಫ್‌ಬೋಟ್‌ಗಳು ಕೆಲವೇ ಶ್ರೀಮಂತರ ಕೊಡುಗೆಯ ಮೇಲೆ ನಿಂತಿವೆ, ಬೀದಿಯ ಜನರನ್ನು ಯಾರೂ ಕೇಳಿಯೇ ಇಲ್ಲ. 1891ರಲ್ಲಿ ಮ್ಯಾಂಚೆಸ್ಟರ್‌ನ ಬೀದಿಗಳಲ್ಲಿ ದೋಣಿಗಳನ್ನೇ ಮೆರವಣಿಗೆ ಮಾಡಿ ಕಾಸು ಎತ್ತಿದರು. ಸತ್ತವರ ನೆನಪು ಮುಂದೆ ನೀರಿಗೆ ಬೀಳುವವರ ಪಾಲಿಗೆ ದೋಣಿಯಾಯಿತು. ಈಗ ಅಲ್ಲಿ ದೋಣಿ ನೀರಿಗಿಳಿಯುವ ಪ್ರತಿ 10 ಸಲದಲ್ಲಿ 6 ಸಲದ ಖರ್ಚು ಜನ ಉಯಿಲಿನಲ್ಲಿ ಬಿಟ್ಟುಹೋದ ಹಣದಿಂದ ನಡೆಯುತ್ತದೆ. ಎಷ್ಟೋ ದೋಣಿಗಳಿಗೆ ಯಾರದೋ ತಾಯಿಯ, ಗಂಡನ ಹೆಸರಿದೆ. ದೋಣಿಯ ಪಕ್ಕೆಯ ಮೇಲಿನ ದೊಡ್ಡ ಸಂಖ್ಯೆಯೊಳಗೇ ಸಾವಿರಾರು ಹೆಸರುಗಳನ್ನು ಸಾಸಿವೆಗಾತ್ರದಲ್ಲಿ ಅಚ್ಚು ಹಾಕುವುದೂ ಉಂಟು. ದೂರದಿಂದ ಕಾಣುವುದು ಅಂಕಿ ಮಾತ್ರ. ಹತ್ತಿರ ಹೋಗಿ ಬೆರಳಾಡಿಸಿದರೆ ನಮ್ಮವರ ಹೆಸರು ಸಿಗುತ್ತದೆ.

ನಮ್ಮ ಕರಾವಳಿಯಲ್ಲೂ ಸಂಬಳವಿಲ್ಲದೆ ಈ ಕೆಲಸ ಮಾಡುವವರಿದ್ದಾರೆ. ಉಡುಪಿಯ ಮುಳುಗುತಜ್ಞ ಈಶ್ವರ್ ಮಲ್ಪೆ ಅವರು 2024ರಲ್ಲಿ ಉತ್ತರ ಕನ್ನಡದ ಶಿರೂರು ಗುಡ್ಡ ಕುಸಿದಾಗ ಗಂಗಾವಳಿ ನದಿಯ ಕೆಂಪು ನೀರಿಗೆ ಇಳಿದದ್ದನ್ನು ನಾಡೇ ನೋಡಿತು. ಅಂಥವರನ್ನು ಹೊಗಳಿ ಸುಮ್ಮನಾಗುತ್ತೇವೆ. ಅವರ ಹಿಂದೆ ಒಂದು ಊರು ನಿಲ್ಲುವ ಏರ್ಪಾಟು ನಮ್ಮಲ್ಲಿ ಬೆಳೆಯಲಿಲ್ಲ.

ಸಿರುಗುಪ್ಪಕ್ಕೆ ಕಡಲ ಹಡಗು ಬೇಡ. ಎಲ್‌ಎಲ್‌ಸಿಯ ದಂಡೆಯಲ್ಲಿ ಒಮ್ಮೆ ನಿಂತು ನೋಡಿ. ಸಿಮೆಂಟಿನ ಇಳಿಜಾರು, ಅದರ ಮೇಲೆ ಪಾಚಿ. ಬಟ್ಟೆ ಒಗೆಯಲು ಹೋಗಿ ಜಾರಿದವರಿಗೆ ಈಜು ಬಂದರೂ ಹತ್ತಲಾಗದು, ಹಿಡಿಯಲು ಏನೂ ಸಿಗುವುದಿಲ್ಲ. ದಡದಲ್ಲಿದ್ದ ಹೆಂಗಸರು ಒಗೆದ ಸೀರೆಗಳನ್ನೇ ಗಂಟು ಹಾಕಿ ಎಸೆಯುತ್ತಾರೆ. ಅಲ್ಲಿ ಒಂದು ಕಂಬ, ಕಂಬಕ್ಕೆ ತೇಲುವ ಹಗ್ಗ, ಒಂದು ಟ್ಯೂಬು ಇದ್ದರೆ ಸೀರೆ ಹುಡುಕುವ ಹೊತ್ತು ಉಳಿಯುತ್ತದೆ. ಕೆಂಚನಗುಡ್ಡ, ದೇಶನೂರು, ನಿಟ್ಟೂರಿನಂಥ ಹೊಳೆದಂಡೆಯ ಊರುಗಳಲ್ಲಿ ಅಂಬಿಗರ ಹುಡುಗರಿಗೆ ಜಾಕೆಟ್ಟು, ಟಾರ್ಚು, ಒಂದು ಗಟ್ಟಿ ದೋಣಿ ಬೇಕು. ಒಂದು ಪುಣ್ಯಸ್ಮರಣೆಯ ಊಟದ ಖರ್ಚಿನಲ್ಲಿ ಒಂದು ಊರಿನ ಹುಡುಗರಿಗೆಲ್ಲ ಜಾಕೆಟ್ ಬರುತ್ತವೆ. ಊಟ ಬಿಡಿ ಎನ್ನುತ್ತಿಲ್ಲ. ಎರಡು ಸಿಹಿಯಲ್ಲಿ ಒಂದು ಸಿಹಿ ಬಿಟ್ಟರೆ ಸಾಕು.

ತರಬೇತಿಗೆ ದಾರಿ ಇದೆ. ಕೇಂದ್ರದ ‘ಆಪದ ಮಿತ್ರ’ ಯೋಜನೆ ದೇಶದ 350 ಜಿಲ್ಲೆಗಳಲ್ಲಿ 1 ಲಕ್ಷ ಸ್ವಯಂಸೇವಕರನ್ನು ತಯಾರು ಮಾಡಲು ಹೊರಟದ್ದು. ಅಗ್ನಿಶಾಮಕ ದಳದವರು ಕರೆದರೆ ಬಂದು ಕಲಿಸುತ್ತಾರೆ. ಮುಖ್ಯವಾಗಿ ಕಲಿಯಬೇಕಾದದ್ದು, ಮುಳುಗುವವನ ಹತ್ತಿರ ಬರಿಗೈಯಲ್ಲಿ ಹೋಗಬಾರದು ಎಂಬುದು. ಅವನು ಕೊರಳಿಗೆ ಬಿದ್ದು ಇಬ್ಬರೂ ಹೋದ ಮನೆಗಳನ್ನು ಈ ಸೀಮೆ ಬೇಕಾದಷ್ಟು ಕಂಡಿದೆ. ತಮ್ಮನನ್ನು ಎತ್ತಲು ಹೋದ ಅಣ್ಣ, ಮಗನ ಹಿಂದೆ ಹಾರಿದ ತಂದೆ.

ಉಸ್ತುವಾರಿಯೇ ಕಷ್ಟದ ಭಾಗ. ಬಳ್ಳಾರಿಯ ಬಿಸಿಲಿಗೆ ಹಗ್ಗ ಪುಡಿಯಾಗುತ್ತದೆ, ಜಾಕೆಟ್ಟಿನ ಬಕಲು ಮುರಿಯುತ್ತದೆ, ಇಲಿ ಕಡಿಯುತ್ತದೆ. ಆದ್ದರಿಂದ ಕೊಟ್ಟವರೇ ಪ್ರತಿ ವರ್ಷ ಹಿರಿಯರ ದಿನದಂದು ಬಂದು ಹಗ್ಗ ಎಳೆದು ನೋಡಲಿ, ಸವೆದಿದ್ದರೆ ಹೊಸದು ಕಟ್ಟಲಿ. ಎಡೆ ಇಡುವ ದಿನ ಮನೆಯವರೆಲ್ಲ ಹೇಗೂ ಸೇರಿರುತ್ತಾರೆ. ಕಾಲುವೆ ದಂಡೆಗೆ ಕಂಬ ನೆಡಲು ತುಂಗಭದ್ರಾ ಮಂಡಳಿಯ ಒಪ್ಪಿಗೆ ಬೇಕಾಗುತ್ತದೆ, ಅದನ್ನು ಗ್ರಾಮ ಪಂಚಾಯಿತಿ ಬರೆದು ಕೇಳಬೇಕು. ಮುಂಗಾರು ಬೆಳೆಗೆ ಕಾಲುವೆ ಬಿಡುವುದು ಸಾಮಾನ್ಯವಾಗಿ ಜುಲೈನಲ್ಲಿ. ಬೇಸಿಗೆಯಲ್ಲಿ ಕಾಲುವೆ ಒಣಗಿರುವಾಗ ಅರ್ಜಿ ಹೋದರೆ ನೀರು ಬರುವುದರೊಳಗೆ ಕಂಬ ನೆಡಬಹುದು.